ಕಡಲಾಚೆಯ ಕೂಸಿಗೊಂದು ಉಡುಗೊರೆ

ಹಾವೇರಿ ಜಿಲ್ಲೆಯ ಮಾಸೂರಿನ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ಕುಮುದ್ವತಿಯ ನೀರನ್ನು ತಡೆದು ನಿಲ್ಲಿಸಿದ ಮದಗದ ಕೆರೆಯಿಂದಲೂ, ಸರ್ವಜ್ಞನ ತಂದೆ ಬಸವರಸನು ಆ ಊರಿನವನೆಂಬ ಪ್ರತೀತಿಯಿಂದಲೂ ಅದು ನಾಡಿನಲ್ಲಿ ಪ್ರಸಿದ್ಧವಾಗಿದೆ. ಆದರೆ ಈ ದಿನ ನಾವು ಬರೆಯಹೊರಟಿರುವುದು ಕೆರೆಯನ್ನು ಕುರಿತಲ್ಲ, ಕವಿಯನ್ನು ಕುರಿತೂ ಅಲ್ಲ. ಟಪಾಲು ಕಚೇರಿಯ ತಕ್ಕಡಿಯನ್ನು ಕುರಿತು.

ಮಾಸೂರಿನ ನಿವೃತ್ತ ಶಾಲಾ ಮಾಸ್ತರರೊಬ್ಬರು ನಮಗೆ ಪರಿಚಿತರು. ಅವರ ಮಗಳು ಆಸ್ಟ್ರೇಲಿಯದ ಮೆಲ್ಬರ್ನ್ ಪಟ್ಟಣದಲ್ಲಿ ಸಂಸಾರ ಹೂಡಿದ್ದಾಳೆ. ಮೊಮ್ಮಗಳಿಗೆ ಎರಡು ವರ್ಷ ತುಂಬುವ ಸಮಯಕ್ಕೆ ಏನನ್ನಾದರೂ ಕಳುಹಿಸಬೇಕೆಂದು ಮಾಸ್ತರರೂ ಅವರ ಗೃಹಿಣಿಯೂ ಸೇರಿ ಒಂದು ಗಂಟನ್ನು ಸಿದ್ಧಪಡಿಸಿದರು. ಹಳೆಯ ಸೀರೆಗಳ ಕೌದಿ, ಹಿತ್ತಾಳೆಯ ಪುಟ್ಟ ಗಿಂಡಿ, ಶೇಂಗಾ ಉಂಡಿ, ಧಾರವಾಡದ ಪೇಢೆ, ಹಾವೇರಿಯ ಏಲಕ್ಕಿ ಹಾರ, ಮೇಲೊಂದು ನವಿಲುಗರಿ. ತಕ್ಕಡಿಯಲ್ಲಿ ಅದು ನಾಲ್ಕು ಕಿಲೋಗ್ರಾಮಿಗೂ ಮೀರಿ ತೂಗಿತು. ಗುಮಾಸ್ತರು ಹೇಳಿದ ಟಪಾಲು ಹಾಶೀಲಿನಲ್ಲಿ ಆ ಸಾಮಾನುಗಳನ್ನು ಎರಡು ಸಾರಿ ಕೊಳ್ಳಬಹುದಾಗಿತ್ತು. “ಮಾಸ್ತರೇ, ಸ್ವಲ್ಪ ಹಗುರ ಮಾಡಿಕೊಂಡು ಬನ್ನಿರಿ” ಎಂದು ಅವರು ಮರ್ಯಾದೆಯಿಂದಲೇ ಗಂಟನ್ನು ಹಿಂದಿರುಗಿಸಿದರು.

ಹಣದ ಮಾತು ಹಾಗಿರಲಿ. ಆ ಗಂಟಿನಲ್ಲಿ ಅರ್ಧಕ್ಕರ್ಧ ಸಾಮಾನು ಕೂಸಿನ ಕೈಯನ್ನು ಸೇರುವಂತೆಯೇ ಇರಲಿಲ್ಲ. ಆಸ್ಟ್ರೇಲಿಯವು ತನ್ನ ಬೆಳೆಗೂ ಪಶುಗಳಿಗೂ ಹೊರಗಿನ ರೋಗ ತಗಲದಂತೆ ಬಹು ಕಟ್ಟುನಿಟ್ಟಾಗಿ ಕಾಯುವ ದೇಶ. ಹಾಲಿನ ಪದಾರ್ಥ, ಬೀಜ, ಕಾಯಿ, ಗಿಡಮರಗಳ ಭಾಗ, ಇವೆಲ್ಲವೂ ಅಲ್ಲಿ ಪರೀಕ್ಷೆಗೆ ಒಳಗಾಗುತ್ತವೆ, ಸಲ್ಲದವು ನಾಶವಾಗುತ್ತವೆ. ನವಿಲುಗರಿಯಂತೂ ನಮ್ಮ ದೇಶದ ಗಡಿಯನ್ನೇ ದಾಟತಕ್ಕದ್ದಲ್ಲ. ಅದರ ರಫ್ತನ್ನು ಭಾರತ ಸರಕಾರವೇ ನಿಷೇಧಿಸಿದೆ. ಕೊಟ್ಟಿಗೆಯ ಹಿಂದೆ ಬಿದ್ದುದನ್ನು ಹೆಕ್ಕಿ ತಂದ ಗರಿಯಾದರೇನು, ಕಾನೂನು ಅದನ್ನು ಕೇಳುವುದಿಲ್ಲ.

ವಿಮಾನಕ್ಕೂ ಟಪಾಲಿಗೂ ನಂಟು ಬೆಳೆದದ್ದು ನಮ್ಮ ದೇಶದಲ್ಲಿಯೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನೆಯ ಆಚೆಯ ನೈನಿಗೆ ಹಾರಿದ ಪುಟ್ಟ ವಿಮಾನವು ಸುಮಾರು 6,500 ಪತ್ರಗಳನ್ನು ಹೊತ್ತೊಯ್ದಿತು. ಜಗತ್ತಿನ ಮೊದಲ ಅಧಿಕೃತ ವಿಮಾನ ಟಪಾಲೆಂದು ಅದು ಪ್ರಸಿದ್ಧವಾಗಿದೆ. ಅಂದಿನಿಂದ ಇಂದಿನವರೆಗೂ ಆಕಾಶಮಾರ್ಗದಲ್ಲಿ ಗ್ರಾಮು ಗ್ರಾಮಿಗೂ ಬೆಲೆ. ಅಂತರರಾಷ್ಟ್ರೀಯ ಟಪಾಲಿನಲ್ಲಿ ‘ಸಣ್ಣ ಪ್ಯಾಕೆಟ್’ ಎಂಬ ವರ್ಗಕ್ಕೆ 2 ಕಿಲೋಗ್ರಾಮಿನ ಮಿತಿಯುಂಟು. ಅದರೊಳಗೂ ತೂಕ ಏರಿದಂತೆ ದರ ಏರುತ್ತದೆ. ಇದರಲ್ಲಿ ಹೊದಿಕೆಯ ತೂಕವೂ ಸೇರುವುದನ್ನು ಜನರು ಮರೆಯುವುದುಂಟು. ನೂರು ಗ್ರಾಮಿನ ಅರಿವೆಯನ್ನು ಮುನ್ನೂರು ಗ್ರಾಮಿನ ಡಬ್ಬಿಯಲ್ಲಿಟ್ಟು ಕಳುಹಿಸುವವರು ಡಬ್ಬಿಯನ್ನೇ ಉಡುಗೊರೆ ಕೊಟ್ಟಂತಾಯಿತು.

ಹಾಗಾದರೆ ಕಳುಹಿಸತಕ್ಕದ್ದೇನು? ಆಟಿಗೆ ಎಂದೊಡನೆ ಚನ್ನಪಟ್ಟಣದ ನೆನಪು ಬರುವುದು ಸಹಜ. ಹಾಲೆಮರದ ಮೆದುವಾದ ಕಟ್ಟಿಗೆಯನ್ನು ಚರಕಿಯಲ್ಲಿ ತಿರುವಿ, ಅರಗಿನ ಬಣ್ಣವನ್ನು ಆ ತಿರುವಿನ ಕಾವಿನಲ್ಲಿಯೇ ಹತ್ತಿಸುವ ಆ ಕೆಲಸಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮೂಲೆಮೊನೆಗಳಿಲ್ಲದ ಗಿಲಕಿಯೊಂದು ಬಹು ಹಗುರ. ಆದರೆ ಕಟ್ಟಿಗೆಯೆಂದರೆ ಆಸ್ಟ್ರೇಲಿಯದ ಗಡಿಯಲ್ಲಿ ಮತ್ತೆ ಪರೀಕ್ಷೆ. ತೊಗಟೆಯಾಗಲಿ ಹುಳುವಿನ ತೂತಾಗಲಿ ಇರಕೂಡದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳು ನೋಡಲು ಮನೋಹರವಾದವು, ಕಟ್ಟಿಗೆಯೂ ಹಗುರವೇ. ಆದರೆ ಅವು ಪೂಜೆಗೂ ಅಲಂಕಾರಕ್ಕೂ ಬಣ್ಣ ಬಳಿದ ಗೊಂಬೆಗಳು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿಗೆ ಅವನ್ನು ಕೊಡುವುದು ನಮಗೆ ಸಮ್ಮತವಿಲ್ಲ.

ಬಾಯಿಗಿಡುವ ವಿಷಯದಲ್ಲಿ ನಮ್ಮವರ ಔದಾಸೀನ್ಯ ದೊಡ್ಡದು. ಮೂರು ವರ್ಷದೊಳಗಿನ ಮಕ್ಕಳ ಆಟಿಗೆಗಳನ್ನು ಪರೀಕ್ಷಿಸಲು ಹೊರದೇಶಗಳಲ್ಲಿ ಸುಮಾರು 32 ಮಿಲಿಮೀಟರು ಅಗಲದ ಒಂದು ಚಿಕ್ಕ ಕೊಳವೆಯನ್ನು ಉಪಯೋಗಿಸುತ್ತಾರೆ. ಅದರೊಳಗೆ ಪೂರಾ ಅಡಗುವ ವಸ್ತು ಕೂಸಿನ ಗಂಟಲಲ್ಲಿಯೂ ಸಿಕ್ಕಬಹುದೆಂಬುದು ಅದರ ತರ್ಕ. ನಮ್ಮ ಗೆಜ್ಜೆ, ಮಣಿ, ಗುಂಡಿ, ಕವಡೆಗಳೆಲ್ಲ ಆ ಕೊಳವೆಯೊಳಗೆ ಸಲೀಸಾಗಿ ಇಳಿಯುತ್ತವೆ. ಗುಲಗಂಜಿಯ ಸರವಂತೂ ಎಷ್ಟು ಚಂದವೋ ಅಷ್ಟೇ ಅಪಾಯ; ಅದರ ಬೀಜದೊಳಗಿನದು ಕಡುವಿಷ.

ಇಷ್ಟನ್ನು ತೆಗೆದುಹಾಕಿದ ಮೇಲೆ ಉಳಿಯುವುದೇನೆಂದು ಮಾಸ್ತರರು ಚಿಂತೆಗಿಟ್ಟುಕೊಂಡರು. ಮಗಳಾದರೋ, “ಅಪ್ಪಾ, ಇಲ್ಲಿ ಎಲ್ಲವೂ ಸಿಗುತ್ತದೆ, ಏನನ್ನೂ ಕಳುಹಿಸಬೇಡಿರಿ” ಎಂದು ದೂರವಾಣಿಯಲ್ಲಿ ಹೇಳಿದ್ದಳು. ಆಕೆ ಹೇಳಿದ್ದು ತಂದೆಯ ಖರ್ಚನ್ನು ಉಳಿಸಲೆಂದೇ. ಆದರೂ ಆ ಮಾತು ಮುದುಕರಿಗೆ ನಾಟಿತು. ನಾವು ಅವರ ಮನೆಗೆ ಹೋದಾಗ ಗೃಹಿಣಿಯು ಹೇಳಿದ್ದನ್ನು ಇಲ್ಲಿ ಬರೆಯದಿರಲಾರೆವು: “ಬಾಣಂತನ ಅಲ್ಲಿಯೇ ಆಯಿತು. ತವರುಮನೆಯಿಂದ ಕೂಸಿನ ತಲೆಗೆ ಒಂದು ಕುಲಾವಿ ಕೂಡ ಹೋಗಲಿಲ್ಲ.”

ಉತ್ತರ ಅಲ್ಲಿಯೇ ಇತ್ತು! ನಮ್ಮ ಉತ್ತರ ಕರ್ನಾಟಕದಲ್ಲಿ ಕೂಸನ್ನೂ ತಾಯಿಯನ್ನೂ ಗಂಡನ ಮನೆಗೆ ಕಳುಹಿಸುವಾಗ ತವರಿನವರು ಕುಂಚಿಗೆ, ಕುಲಾವಿಗಳನ್ನು ಹೊಲಿದುಕೊಡುವ ಪದ್ಧತಿಯುಂಟು. ಗುಳೇದಗುಡ್ಡದ ಖಣದ ಒಂದು ತುಂಡು ಅದಕ್ಕೆ ಸಾಕು. ಒಳಗೆ ಹಳೆಯ ಮೆತ್ತನೆಯ ಹತ್ತಿಯ ಅಸ್ತರು, ಅಂಚಿಗೆ ಕಸೂತಿ. ಕಸೂತಿಯಾದರೂ ಎಂಥದು! ಅರಿವೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನೆಣಿಸಿಯೇ ಹಾಕುವ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಒಳಮೈಯೂ ಹೊರಮೈಯೂ ಒಂದೇ ರೂಪ. ಗಂಟಿಲ್ಲ, ಆದಕಾರಣ ಕೂಸಿನ ನೆತ್ತಿಗೆ ಒತ್ತುವುದಿಲ್ಲ. ಗೋಪುರ, ತೇರು, ಆನೆ, ತೊಟ್ಟಿಲು, ಗಿಳಿ ಮುಂತಾದ ಚಿತ್ರಗಳೆಲ್ಲ ದಾರದಿಂದಲೇ ಆದವು. ಕಿತ್ತು ಬಾಯಿಗೆ ಹೋಗತಕ್ಕ ಮಣಿಯೊಂದೂ ಬೇಕಿಲ್ಲ. ಗದ್ದದ ಕೆಳಗೆ ಕಟ್ಟುವ ಉದ್ದನೆಯ ಲಾಡಿಯನ್ನು ಮಾತ್ರ ಬಿಟ್ಟು, ಅಂಚಿನೊಳಗೆ ಸಡಿಲಾದ ಇಲಾಸ್ಟಿಕ್ ಪಟ್ಟಿಯನ್ನು ಹೊಲಿಯಬೇಕೆಂದು ನಾವು ಸೂಚಿಸಿದೆವು. ಆಟದಲ್ಲಿ ಲಾಡಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಬರುವುದು.

ಅಳತೆಯ ಪ್ರಶ್ನೆ ಎದ್ದಿತು. ಎರಡು ವರ್ಷದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 48 ಸೆಂಟಿಮೀಟರಿನ ಆಸುಪಾಸು. ಆದರೂ ಊಹೆಯಿಂದ ಹೊಲಿಯುವುದಕ್ಕಿಂತ ಕೇಳಿ ಹೊಲಿಯುವುದು ಲೇಸು. ಋತುವೂ ನಮಗೆ ಅನುಕೂಲವಾಗಿಯೇ ಇದೆ. ನಮ್ಮಲ್ಲಿ ಮುಂಗಾರು ಹಿಡಿಯುವ ಜೂನಿನಲ್ಲಿ ಮೆಲ್ಬರ್ನಿನಲ್ಲಿ ಚಳಿಗಾಲ ಮೊದಲಾಗುತ್ತದೆ. ಆ ಹೊತ್ತಿಗೆ ಮುಟ್ಟಬೇಕಾದರೆ ಟಪಾಲಿಗೆ ಕೆಲವು ವಾರಗಳ ಅವಕಾಶ ಕೊಡತಕ್ಕದ್ದು.

ಕುಲಾವಿಯ ಮಡಿಕೆಯೊಳಗೆ ಒಂದು ತೆಳ್ಳನೆಯ ಕನ್ನಡ ಚಿತ್ರಪುಸ್ತಕವನ್ನು ಇಡಬಹುದು. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಬರೆದು ಹಾಕಿಕೊಟ್ಟ ದಾರಿಯಲ್ಲಿ ಈಗ ಅನೇಕರಿದ್ದಾರೆ. 2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಕನ್ನಡ ಪುಸ್ತಕಗಳು ತೆಳುವಾದ ಕಾಗದದ ಹೊದಿಕೆಯವು, ಬೆಲೆಯಲ್ಲಿಯೂ ತೂಕದಲ್ಲಿಯೂ ಹಗುರ. ಎರಡು ವರ್ಷದ ಕೂಸು ಅದನ್ನು ಹರಿದರೆ ಹರಿಯಲಿ. ತಾಯಿ ಅಷ್ಟರೊಳಗೆ ನಾಲ್ಕು ಸಾರಿ ಓದಿಹೇಳಿರುತ್ತಾಳೆ. ಹಗಲೆಲ್ಲ ಇಂಗ್ಲಿಷು ಕೇಳುವ ಕಿವಿಗೆ ಆ ನಾಲ್ಕು ಸಾರಿಯೂ ಕಡಮೆಯೇನಲ್ಲ.

ಇನ್ನು ಕಾಗದಪತ್ರದ ಮಾತು. ಸಿ.ಎನ್. 22 ಎಂಬ ಸುಂಕದ ಚೀಟಿಯಲ್ಲಿ ‘ಗಿಫ್ಟ್’ ಎಂಬ ಒಂದೇ ಶಬ್ದವನ್ನು ಬರೆದು ಕೈತೊಳೆದುಕೊಳ್ಳುವವರಿಗೆ ತೊಂದರೆ ತಪ್ಪಿದ್ದಲ್ಲ. ಕೈಯಿಂದ ಹೊಲಿದ ಹತ್ತಿಯ ಮಗುವಿನ ಟೊಪ್ಪಿಗೆ ಒಂದು, ಮಕ್ಕಳ ಪುಸ್ತಕ ಒಂದು, ಇಂತಿಷ್ಟು ತೂಕ, ಇಂತಿಷ್ಟು ಬೆಲೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಬೆಲೆಯನ್ನು ಸೊನ್ನೆಯೆಂದು ತೋರಿಸುವ ಜಾಣತನ ಬೇಡ. ಉಡುಗೊರೆಗೆ ಸುಂಕದಿಂದ ಸಿಗುವ ವಿನಾಯಿತಿ ದೇಶದಿಂದ ದೇಶಕ್ಕೆ ಬೇರೆ: ಬ್ರಿಟನ್ನಿನಲ್ಲಿ 39 ಪೌಂಡು, ಅಮೆರಿಕದಲ್ಲಿ 100 ಡಾಲರು. ನಿಯಮಗಳು ಒಮ್ಮೆಲೇ ಬದಲಾಗುವುದೂ ಉಂಟು. ಅಮೆರಿಕವು ಅಗ್ಗದ ಸರಕಿನ ಸುಂಕವಿನಾಯಿತಿಯನ್ನು ತೆಗೆದುಹಾಕಿದಾಗ, 2025ರ ಆಗಸ್ಟಿನಲ್ಲಿ ನಮ್ಮ ಟಪಾಲು ಇಲಾಖೆಯು ಆ ದೇಶದ ಪಾರ್ಸೆಲುಗಳನ್ನೇ ನಿಲ್ಲಿಸಬೇಕಾಯಿತು. ಅಕ್ಟೋಬರಿನಲ್ಲಿ ಅವು ಪುನಃ ಆರಂಭವಾದವು. ಆದುದರಿಂದ ಹೊಲಿಗೆಗೆ ಕೂಡ್ರುವ ಮೊದಲೇ ಕಿಟಕಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಮಾಸ್ತರರು ವಿಚಾರಿಸಿಕೊಂಡು ಬಂದರು. ಮೆಲ್ಬರ್ನಿನಿಂದ ಮಗಳು ಕೂಸಿನ ತಲೆಗೆ ದಾರ ಸುತ್ತಿ ಅಳೆದು ಉತ್ತರ ಕಳುಹಿಸಿದ್ದಾಳೆ: ನಲವತ್ತೇಳೂವರೆ ಸೆಂಟಿಮೀಟರು. ಏಕೆ ಕೇಳಿದಿರೆಂದು ಆಕೆ ಎರಡು ಸಾರಿ ಬರೆದರೂ ಇವರು ಬಾಯಿಬಿಟ್ಟಿಲ್ಲ. ಖಣ, ಅಸ್ತರು, ಪುಸ್ತಕ, ಒಂದು ಹಾಳೆಯ ಪತ್ರ, ಹೊದಿಕೆ ಎಲ್ಲವನ್ನೂ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದಾಗ 230 ಗ್ರಾಮು ಬಂದಿತು. ಕಸೂತಿಯ ದಾರದ ತೂಕ ಇನ್ನೂ ಸೇರಬೇಕಾಗಿದೆ. ತೇರಿನ ಗಾಲಿಗಳಷ್ಟೇ ಮುಗಿದಿವೆ; ಕಳಸಕ್ಕೆ ಇನ್ನೊಂದು ವಾರ ಬೇಕೆಂದು ಅಜ್ಜಿ ಹೇಳುತ್ತಾರೆ.