ವ್ಯಾಟ್ ಅಲ್ಲ, ಧಗೆ

ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಪಾಠ ಮಾಡುವ ಭೌತಶಾಸ್ತ್ರದ ಮೇಷ್ಟ್ರು ನಾನು. ಓಮನ ನಿಯಮದ ಬಗ್ಗೆ ಬಾಯಿ ಬಿಡದ ಹುಡುಗರೂ ಇದನ್ನು ಮಾತ್ರ ಕೇಳುತ್ತಾರೆ: ‘ಸರ್, ಫಾಸ್ಟ್ ಚಾರ್ಜರ್ ಹಾಕಿದ್ರೆ ಬ್ಯಾಟ್ರಿ ಬೇಗ ಹೋಗುತ್ತಾ?’

ಸ್ವಲ್ಪ ಹೋಗುತ್ತೆ. ಆದರೆ ಅವರು ಹೆದರುವಷ್ಟಲ್ಲ.

ಲಿಥಿಯಂ ಅಯಾನ್ ಬ್ಯಾಟರಿ ಚಾರ್ಜ್ ಆಗುವುದೆಂದರೆ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ಸಂದಿಯಲ್ಲಿ ಹೋಗಿ ಕೂರುವುದು. ಸಂಜೆ ಸ್ಟ್ಯಾಂಡಿಗೆ ಹರಿಹರದ ಖಾಲಿ ಬಸ್ಸು ಬಂದರೆ ಜನ ದಬದಬ ಹತ್ತಿ ಕೂರುತ್ತಾರೆ. ಮುಕ್ಕಾಲು ತುಂಬಿದ ಮೇಲೂ ಹಿಂದಿನವರು ತಳ್ಳಿದರೆ ಬಾಗಿಲಲ್ಲೇ ನೂಕುನುಗ್ಗಲು. ಬ್ಯಾಟರಿಯಲ್ಲಿ ಹಾಗಾದಾಗ ಲಿಥಿಯಂ ಒಳಗೆ ಹೋಗದೆ ಗ್ರಾಫೈಟಿನ ಮೇಲೆಯೇ ಲೋಹವಾಗಿ ಅಂಟುತ್ತದೆ. ಅದರಲ್ಲಿ ಒಂದಷ್ಟು ಮತ್ತೆಂದೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಫೋನು ಶುರುವಿನಲ್ಲಿ ಜೋರಾಗಿ ತುಂಬಿಸಿಕೊಂಡು, ತುಂಬುತ್ತ ಬಂದಂತೆ ಕರೆಂಟು ಇಳಿಸುತ್ತದೆ. ಡಬ್ಬಿಯ ಮೇಲೆ ಬರೆದ 67 ವ್ಯಾಟ್ ಮೊದಲ ಕೆಲವು ನಿಮಿಷಗಳ ಮಾತು. ಹೆಚ್ಚು ವ್ಯಾಟಿನ ಹಲವು ಫೋನುಗಳಲ್ಲಿ ಬ್ಯಾಟರಿಯನ್ನೇ ಎರಡು ಸೆಲ್ಲುಗಳಾಗಿ ಒಡೆದು ಹೊರೆ ಹಂಚಿರುತ್ತಾರೆ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತ ಓದುವ ಒಬ್ಬ ಶಿಷ್ಯನಿದ್ದಾನೆ. ಅವನ ಫೋನು ವರ್ಷ ತುಂಬುವ ಮೊದಲೇ ಊದಿಕೊಂಡಿತು. ಫಾಸ್ಟ್ ಚಾರ್ಜರ್ ಅವನ ಕೈಗೆ ಬಂದೇ ಇಲ್ಲ, ಇದ್ದದ್ದು ಹಳೇ 10 ವ್ಯಾಟಿನದು. ಫೋನನ್ನು ಚಾರ್ಜಿಗೆ ಇಡುತ್ತಿದ್ದ ಗೂಡು ಮಾತ್ರ ಒಲೆಯ ಪಕ್ಕದ್ದು! ಬಿಸಿ ಹೆಚ್ಚಿದಷ್ಟೂ ಬ್ಯಾಟರಿಯೊಳಗಿನ ದ್ರವ ಒಡೆದು ಅನಿಲವಾಗುತ್ತದೆ, ಗ್ರಾಫೈಟಿನ ಮೇಲಿನ ಪೊರೆ ದಪ್ಪವಾಗುತ್ತ ಲಿಥಿಯಂ ನುಂಗುತ್ತದೆ.

ಭಟ್ಟಿಯೇ ಬೇಕಿಲ್ಲ. ಆಪಲ್ ತನ್ನ ಫೋನು ಬಳಸಲು ಹೇಳುವ ಮಿತಿ 35 ಡಿಗ್ರಿ. ನಮ್ಮೂರ ಏಪ್ರಿಲ್ ಮಧ್ಯಾಹ್ನ ಅದನ್ನು ಸಲೀಸಾಗಿ ದಾಟುತ್ತದೆ. ಅಂಥ ಬಿಸಿಲಲ್ಲಿ ಪಿ.ಬಿ. ರಸ್ತೆಯ ತುಂಬ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ, ಮ್ಯಾಪ್ ಹಾಕಿ, ಚಾರ್ಜಿಗೂ ಹಚ್ಚಿದ ಫೋನುಗಳು. ಊಟ ಹಂಚುವ ಹುಡುಗರಿಗೆ ಬೇರೆ ದಾರಿಯಿಲ್ಲ. ಮಂಚದ ಮೇಲೆ ದಿಂಬಿನಡಿ ಚಾರ್ಜಿಗಿಡುವವರಿಗೆ, ಚಾರ್ಜಿಗೆ ಹಾಕಿಯೇ ಗೇಮ್ ಆಡುವವರಿಗೆ ಆ ನೆಪವೂ ಇಲ್ಲ.

800 ಸಲ ತುಂಬಿ ಬರಿದಾದ ಮೇಲೂ ಬ್ಯಾಟರಿಯಲ್ಲಿ ಶೇ. 80ರಷ್ಟು ಸಾಮರ್ಥ್ಯ ಉಳಿದಿರಬೇಕೆಂದು ಯುರೋಪಿಯನ್ ಒಕ್ಕೂಟ 2025ರ ಜೂನ್‌ನಿಂದ ನಿಯಮ ಜಾರಿಗೆ ತಂದಿದೆ. ಫಾಸ್ಟ್ ಚಾರ್ಜಿಂಗ್ ಫೋನುಗಳಿಗೂ ವಿನಾಯಿತಿಯಿಲ್ಲ.

ಆದ್ದರಿಂದ ವೇಗದ ಚಾರ್ಜರನ್ನು ಧಾರಾಳವಾಗಿ ಬಳಸಿ, ಬೆಳಗಿನ ತಂಪಿನಲ್ಲಾದರೆ ಇನ್ನೂ ಒಳ್ಳೆಯದು. ದಪ್ಪ ಕವರ್ ತೆಗೆದಿಡಿ. ಶೇ. 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಬೆನ್ನು ಊದಿದ ಫೋನನ್ನು ಮಾತ್ರ ‘ಇನ್ನೊಂದು ತಿಂಗಳು ನಡೀಲಿ’ ಎಂದು ಮತ್ತೆ ಚಾರ್ಜಿಗೆ ಹಾಕಬೇಡಿ.