ಎಡಕ್ಕೊಂದು ಲಿಪಿ, ಬಲಕ್ಕೊಂದು ಲಿಪಿ

ಬೈಂದೂರು ತಾಲೂಕಿನ ಶಿರೂರು, ಕುಂದಾಪುರ ಬಳಿಯ ಗಂಗೊಳ್ಳಿಗಳಲ್ಲಿ ನವಾಯತ ಕುಟುಂಬಗಳಿವೆ. ಅಲ್ಲಿ ಕನ್ನಡ ಬರೆಯುವ ಕೈ ಎಡದಿಂದ ಬಲಕ್ಕೆ ಸಾಗಿದರೆ, ನವಾಯತಿ, ಉರ್ದು ಬರೆಯುವ ಕೈ ಬಲದಿಂದ ಎಡಕ್ಕೆ ಸಾಗುತ್ತದೆ. ಬ್ರಹ್ಮಾವರದ ಕೊಂಕಣಿ ಮಾತಿನ ಆರ್ಥೊಡಾಕ್ಸ್ ಕ್ರೈಸ್ತರ ಆರಾಧನಾ ಪರಂಪರೆಯ ಮೂಲಭಾಷೆ ಸುರಿಯಾನಿ. ಅದರ ಲಿಪಿಯೂ ಬಲದಿಂದಲೇ ಆರಂಭ. ಎರಡೂ ಬಗೆಯ ಲಿಪಿ ಒಂದೇ ಸಾಲಿನಲ್ಲಿ ಬಂದರೆ ಕಂಪ್ಯೂಟರ್ ಏನು ಮಾಡಬೇಕು?

ಕಂಪ್ಯೂಟರಿನ ಮೆಮೊರಿಯಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಮೊದಲು ಓದುವ ಅಕ್ಷರ ಮೊದಲು, ಆಮೇಲಿನದು ಆಮೇಲೆ, ಅಷ್ಟೆ. ದಿಕ್ಕಿನ ಪ್ರಶ್ನೆ ಏಳುವುದು ಪರದೆಯ ಮೇಲೆ ತೋರಿಸುವಾಗ. ಕನ್ನಡದಲ್ಲೇ ನೋಡಿ: 'ಸೂರ್ಯ' ಎನ್ನುವಾಗ ರಕಾರದ ಉಚ್ಚಾರ ಯಕಾರಕ್ಕಿಂತ ಮೊದಲು. ಮೆಮೊರಿಯಲ್ಲಿಯೂ ಅದೇ ಕ್ರಮ. ಪರದೆಯಲ್ಲಿ ಮಾತ್ರ ಅರ್ಕಾವತ್ತು ಯಕಾರದ ಬಲಕ್ಕೆ ಹೋಗಿ ಕೂರುತ್ತದೆ.

ಅಂಕಗಳ ಅದಲುಬದಲು

ಯೂನಿಕೋಡ್ ವ್ಯವಸ್ಥೆ ಅಕ್ಷರಗಳಿಗೆ ದಿಕ್ಕಿನ ಗುಣವನ್ನೂ ಗೊತ್ತುಮಾಡಿದೆ. ಕನ್ನಡ ಎಡದಿಂದ, ಅರಬಿ, ಹೀಬ್ರೂ, ಸುರಿಯಾನಿ ಬಲದಿಂದ. ಅಂಕಿಗಳು ಅರಬಿ ಬರಹದ ನಡುವೆಯೂ ಎಡದಿಂದ ಬಲಕ್ಕೇ. ಖಾಲಿ ಜಾಗಕ್ಕೆ ಸ್ವಂತ ದಿಕ್ಕಿಲ್ಲ. ಅದು ನೆರೆಹೊರೆಯನ್ನು ನೋಡಿ ನಡೆಯುತ್ತದೆ.

ಎಡವಟ್ಟಾಗುವುದು ಇಲ್ಲೇ. ಕನ್ನಡ ಅಂಕಪಟ್ಟಿಯ ಒಂದು ಸಾಲಿನಲ್ಲಿ ಉರ್ದು ಲಿಪಿಯ ಹೆಸರು, ಮುಂದೆ ಜಾಗ ಬಿಟ್ಟು ಗಣಿತಕ್ಕೆ 45, ಮತ್ತೆ ಜಾಗ ಬಿಟ್ಟು ವಿಜ್ಞಾನಕ್ಕೆ 78 ಎಂದು ಸೇರಿಸಿದರೆ, ಪರದೆಯಲ್ಲಿ ಎಡದಿಂದ ಮೊದಲು 78, ನಂತರ 45, ಕೊನೆಗೆ ಹೆಸರು ಕಾಣುತ್ತದೆ. ಕಡತ ಸರಿಯಾಗಿಯೇ ಇದೆ. ಓದುವವರ ಕಣ್ಣಿಗೆ ಮಾತ್ರ ಗಣಿತದ ಅಂಕ ವಿಜ್ಞಾನಕ್ಕೆ ಹೋಯಿತು!

ಅವಸರದ ಪ್ರೋಗ್ರಾಮರ್ ಅಕ್ಷರಗಳನ್ನೇ ಹಿಂದುಮುಂದಾಗಿಸಿ ಇಡಲು ಹೊರಡುತ್ತಾನೆ. ಆಗ ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಕೆಡುತ್ತದೆ. ಸರಿಯಾದ ಮದ್ದು 2013ರ ಯೂನಿಕೋಡ್ 6.3ರಲ್ಲಿ ಬಂತು. ಹೆಸರಿನ ಆರಂಭಕ್ಕೊಂದು, ಕೊನೆಗೊಂದು ಕಣ್ಣಿಗೆ ಕಾಣದ ಚಿಹ್ನೆ ಇಟ್ಟರೆ ಅದರ ದಿಕ್ಕಿನ ಸೋಂಕು ಹೊರಗಿನ ಅಂಕಿಗಳಿಗೆ ತಗಲದು. ವೆಬ್ ಪುಟಗಳಲ್ಲಿ ಈ ಕೆಲಸಕ್ಕೆ 'ಬಿಡಿಐ' ಟ್ಯಾಗ್ ಇದೆ.

ಕಾಣದ ಚಿಹ್ನೆಗಳಿಂದ ಅಪಾಯವೂ ಉಂಟು. ಅವುಗಳನ್ನು ಪ್ರೋಗ್ರಾಮಿನೊಳಗೆ ಅಡಗಿಸಿದರೆ ಮನುಷ್ಯ ಓದುವುದೊಂದು, ಯಂತ್ರ ಓದುವುದು ಇನ್ನೊಂದು ಆಗಬಹುದೆಂದು 2021ರಲ್ಲಿ ಕೇಂಬ್ರಿಜ್‌ನ ನಿಕೊಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ ತೋರಿಸಿಕೊಟ್ಟರು. 'ಟ್ರೋಜನ್ ಸೋರ್ಸ್' ಎಂಬುದು ಅವರು ಅದಕ್ಕಿಟ್ಟ ಹೆಸರು.

ನೀವೇ ಮಾಡಿ ನೋಡಿ

'ವಿಕಟಕವಿ' ಹೇಗೆ ಓದಿದರೂ ಒಂದೇ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ತಿರುಗಿಸುವ ಪುಟ್ಟ ಪ್ರೋಗ್ರಾಮ್ ಬರೆಯಿರಿ. ಸಂಕೇತಗಳನ್ನು ಒಂದೊಂದಾಗಿ ತಿರುಗಿಸಿದರೆ 'ಎರಡೂ ಒಂದೇ ಅಲ್ಲ' ಎಂದು ಯಂತ್ರ ವಾದಿಸುತ್ತದೆ. ಕಾರಣ, ವಕಾರಕ್ಕೂ ಅದರ ಗುಡಿಸಿಗೂ ಬೇರೆಬೇರೆ ಸಂಕೇತ. ತಿರುಗಿಸಿದಾಗ ಗುಡಿಸು ಮುಂದೆ, ವಕಾರ ಹಿಂದೆ. ಎರಡನ್ನೂ ಒಂದೇ ಅಕ್ಷರವೆಂದು ಹಿಡಿಯಲು ಯಂತ್ರಕ್ಕೆ ಕಲಿಸಿದರೆ ಉತ್ತರ ಸರಿಬರುತ್ತದೆ. ತಂದೆತಾಯಿಯರೂ ಪಕ್ಕದಲ್ಲಿ ಕೂರಬಹುದು. ತಪ್ಪು ಎಲ್ಲಿದೆಯೆಂದು ಹೇಳಲು ಕನ್ನಡ ಕಾಗುಣಿತ ಬಂದರೆ ಸಾಕು.