ಮೋಟಾರು ನಿಂತಾಗ ಮೊದಲು ನೋಡಬೇಕಾದುದೇನು?

ಮೋಟಾರು ನಡುದಾರಿಯಲ್ಲಿ ನಿಂತರೆ ಮನೆಯ ಯಜಮಾನನ ಧೈರ್ಯವೂ ಅದರೊಡನೆಯೇ ನಿಂತುಬಿಡುತ್ತದೆ. ಕಳೆದ ಬೇಸಗೆಯಲ್ಲಿ ನಾವು ವೃದ್ಧೆಯಾದ ತಾಯಿಯವರನ್ನು ಯಲಬುರ್ಗಾದಿಂದ ಕೊಪ್ಪಳದ ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದೆವು. ನಡುಹಗಲಿನಲ್ಲಿ ನಮ್ಮ ಹಳೆಯ ಕಾರು ನಿಂತಿತು. ಅರ್ಧ ಗಂಟೆ ತಣಿದ ಮೇಲೆ ಹೊರಟು, ಸ್ವಲ್ಪ ದೂರದಲ್ಲಿ ಪುನಃ ನಿಂತಿತು. ಇದೇ ರೋಗಕ್ಕೆಂದು ಹಿಂದೊಮ್ಮೆ ಒಂದು ಗ್ಯಾರೇಜಿನವರು ಕಾರ್ಬ್ಯುರೇಟರನ್ನೇ ಬದಲಿಸಿ ಹಣ ಪಡೆದಿದ್ದರು.

ಆ ದಾರಿಯಲ್ಲಿ ಬಂದ ಹಿರಿಯ ಮಿಸ್ತ್ರಿಯೊಬ್ಬರು ನಮ್ಮನ್ನು ಕಂಡು, "ಮೊದಲ ಕಿಡಿ ಐತೇನು ನೋಡ್ರಿ, ಸಾಮಾನು ಆಮ್ಯಾಲ ಬದ್ಲಿ ಮಾಡ್ರಿ" ಎಂದರು. ವಿದ್ಯೆಯೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ಇಂಜಿನ್ನಿನ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲವೆಂದೂ, ಒದ್ದೆಯಾಗಿದ್ದರೆ ಬಂದ ಪೆಟ್ರೋಲು ಉರಿಯುತ್ತಿಲ್ಲವೆಂದೂ ಊಹಿಸಬಹುದು. ಬಳಿಕ ಪ್ಲಗ್ಗಿಗೆ ಅದರ ತಂತಿಯನ್ನು ಸಿಕ್ಕಿಸಿ, ಪೆಟ್ರೋಲಿನ ಆವಿಯಿಂದ ದೂರದಲ್ಲಿ, ರಬ್ಬರು ಹಿಡಿಯ ಇಕ್ಕಳದಿಂದ ಹಿಡಿದು, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ, ಇನ್ನೊಬ್ಬರಿಂದ ಇಂಜಿನ್ನನ್ನು ತಿರುಗಿಸಬೇಕು. ನೀಲಿಯ ದಿಟ್ಟ ಕಿಡಿ ಸಿಡಿದರೆ ದೋಷವು ಬೇರೆಡೆ ಇದೆ. ಹಳದಿಯ ಬಡಕಲು ಕಿಡಿಯಾದರೆ ಡಿಸ್ಟ್ರಿಬ್ಯೂಟರು, ಪಾಯಿಂಟು, ಕಂಡೆನ್ಸರು, ಕಾಯಿಲುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ನಮ್ಮ ಕಾರಿನಲ್ಲಿ ಪಾಯಿಂಟುಗಳು ಸುಟ್ಟು ಕರಿದಾಗಿದ್ದುವು. ಪಾಯಿಂಟು ಬಿಚ್ಚಿಕೊಳ್ಳುವಾಗ ಅಲ್ಲಿ ಕಿಡಿ ಹಾರದಂತೆ ವಿದ್ಯುತ್ತನ್ನು ಹೀರಿಕೊಳ್ಳುವುದು ಕಂಡೆನ್ಸರಿನ ಕೆಲಸ. ಅದು ಕೆಟ್ಟರೆ ಪಾಯಿಂಟು ಸುಡುತ್ತದೆ, ಪ್ಲಗ್ಗಿನ ಕಿಡಿ ಸೊರಗುತ್ತದೆ. ಕಾದಾಗ ಕೆಟ್ಟು ತಣಿದಾಗ ಸರಿಹೋಗುವುದೂ ಉಂಟು. ಮಿಸ್ತ್ರಿಯವರು ಪಾಯಿಂಟನ್ನು ಉಜ್ಜಿ, ಸಂದನ್ನು ಸರಿಮಾಡಿ, ತಮ್ಮ ಚೀಲದಲ್ಲಿದ್ದ ಕಂಡೆನ್ಸರನ್ನು ಹಾಕಿದರು. ಕಾರು ಕೊಪ್ಪಳದವರೆಗೆ ನಿಲ್ಲಲಿಲ್ಲ. ಹಳೆಯ ಪೆಟ್ರೋಲ್ ಅಂಬಾಸಡರಿನಲ್ಲಿ ಈ ಸಂದು ಸುಮಾರು 0.4 ಮಿಲಿಮೀಟರಿರಬೇಕು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳಲ್ಲಿಯೂ ಬಹುಮಟ್ಟಿಗೆ ಪಾಯಿಂಟುಗಳೇ ಇರುವುದರಿಂದ ಈ ಕ್ರಮವು ಅವುಗಳಿಗೂ ಸಲ್ಲುತ್ತದೆ.

ನಾಡಿನ ಗುಣವನ್ನೂ ಮರೆಯಬಾರದು. ಗಂಗಾವತಿಯ ಭತ್ತದ ಗದ್ದೆಗಳ ಕಡೆ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ತಂತಿಗಳನ್ನೂ ಒಣಬಟ್ಟೆಯಿಂದ ಒರೆಸುವುದು ಹಿತ. ಕುಷ್ಟಗಿ, ಯಲಬುರ್ಗಾಗಳ ಒಣನೆಲದಲ್ಲಿ ಗಾಳಿಯ ಸೋಸುಕವನ್ನು ಆಗಾಗ್ಗೆ ಶುಚಿಮಾಡಬೇಕು.

ರೋಗವನ್ನರಿಯದೆ ಕೊಟ್ಟ ಮದ್ದು ಮನುಷ್ಯನಿಗೂ ಹಿತವಲ್ಲ, ಯಂತ್ರಕ್ಕೂ ಹಿತವಲ್ಲ. ಗೃಹಸ್ಥರು ಈ ಪರೀಕ್ಷೆಯನ್ನು ಮನೆಯಂಗಳದಲ್ಲಿಯೇ ಒಮ್ಮೆ ಅಭ್ಯಾಸಮಾಡಿಕೊಂಡಿದ್ದರೆ, ಬಿಸಿಲಿನಲ್ಲಿ ಮನೆಯವರನ್ನು ಕೂರಿಸಿಕೊಂಡು ದಾರಿ ನೋಡುವ ಸಂಕಟವು ತಪ್ಪುವುದು.